ನನ್ನಲ್ಲಿಲ್ಲದ ಹದಿನಾರು ಪುಟ

ನಾನು ಒಂದು ಪುಸ್ತಕ. ದೊಡ್ಡ ಪುಸ್ತಕವೇನಲ್ಲ. ಕೈಚೀಲದ ತಳದಲ್ಲಿ ಬಿದ್ದರೆ ಇದೆಯೋ ಇಲ್ಲವೋ ಎಂದು ತಡಕಾಡಬೇಕು, ಅಷ್ಟೇ ನನ್ನ ಗಾತ್ರ. ನನ್ನ ಹೆಸರು ‘ಸುಣ್ಣದ ಭಟ್ಟಿ’. ಕಿರುಕಾದಂಬರಿ, ಆರನೆಯ ಮುದ್ರಣ. ಮೇರುಕೃತಿ ಎಂದು ಬೆನ್ನುಡಿಯಲ್ಲಿ ಅಚ್ಚಾಗಿದೆ; ಅದನ್ನು ನಾನಾಗಿ ಹೇಳಿಕೊಂಡದ್ದಲ್ಲ. ನನ್ನನ್ನು ಬರೆದ ಪುಣ್ಯಾತ್ಮರು ನಾನು ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲೇ ತೀರಿಕೊಂಡಿದ್ದರು. ಅವರು ಬದುಕಿದ್ದರೆ ಮುಂದೆ ನಾನು ಹೇಳಲಿರುವ ಫಜೀತಿ ಒಂದು ಕಾರ್ಡು ಬರೆದರೆ ಬಗೆಹರಿಯುತ್ತಿತ್ತು.

ನಾನು ಹುಟ್ಟಿದ್ದು ಗದಗಿನ ಒಂದು ಓಣಿಯ ಅಚ್ಚುಕೂಟದಲ್ಲಿ. ಪುಸ್ತಕಗಳು ಹುಟ್ಟುವ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿದರೆ ಹದಿನಾರು ಪುಟ ಆಗುತ್ತದೆ. ಅದನ್ನು ಒಂದು ಫಾರಂ ಎನ್ನುತ್ತಾರೆ. ನನ್ನ ಕಥೆಗೆ ಏಳು ಫಾರಂ. ಉದ್ದನೆಯ ಹಲಗೆಯ ಮೇಲೆ ಏಳು ಗುಡ್ಡೆ ಹಾಕಿಟ್ಟಿರುತ್ತಾರೆ. ಬೈಂಡಿಂಗಿನ ಹೆಣ್ಣುಮಕ್ಕಳು ಹಲಗೆಯ ಪಕ್ಕದಲ್ಲಿ ನಡೆಯುತ್ತಾ ಗುಡ್ಡೆಗೊಂದರಂತೆ ಎತ್ತಿ, ಕೊನೆಗೆ ಏಳನ್ನೂ ಕುಟ್ಟಿ ಸಮ ಮಾಡಿ ಹೊಲಿಗೆಗೆ ಕೊಡುತ್ತಾರೆ. ದಿನಕ್ಕೆ ಸಾವಿರ ಸಲ ನಡೆದರೂ ಅವರ ಕೈ ತಪ್ಪುವುದಿಲ್ಲ.

ನನ್ನನ್ನು ಎತ್ತುತ್ತಿದ್ದವಳು ಕಾಶಿಂಬಿ. ಮೂರನೆಯ ಗುಡ್ಡೆಯಿಂದ ಎತ್ತಿ ನಾಲ್ಕನೆಯದಕ್ಕೆ ಕೈ ಚಾಚುವಷ್ಟರಲ್ಲಿ ಬಾಗಿಲಿನಿಂದ ಯಾರೋ ಕೂಗಿದರು: “ಕಾಶಿಂಬೀ, ನಿನ್ನ ಮಗಳನ್ನ ನೋಡಾಕ ಬೀಗ್ರು ಬಂದಾರ, ಲಗೂ ನಡಿ!” ಅವಳ ಮುಖ ಅರಳಿತು. ಕಾಲು ಒಂದು ಹೆಜ್ಜೆ ಮುಂದೆ ಹೋಯಿತು, ಕೈ ಐದನೆಯ ಗುಡ್ಡೆಯ ಮೇಲೆ ಬಿತ್ತು. ಹೀಗೆ ನಾನು ಹದಿನಾರು ಪುಟ ಕಡಿಮೆ ಹುಟ್ಟಿದೆ. ಕಾಶಿಂಬಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅಂಥ ಸುದ್ದಿ ಕೇಳಿಯೂ ಕೈ ತಪ್ಪದೆ ಇರಲು ಅವಳೇನು ಯಂತ್ರವೇ?

ನನ್ನ ಗ್ರಹಚಾರ ನೋಡಿ, ನಲವತ್ತೆಂಟನೆಯ ಪುಟದ ಕೊನೆಗೆ ಸರಿಯಾಗಿ ಒಂದು ಅಧ್ಯಾಯ ಮುಗಿದು ಪೂರ್ಣವಿರಾಮ ಬಿದ್ದಿತ್ತು. ಅರವತ್ತೈದನೆಯ ಪುಟದಲ್ಲಿ ಹೊಸ ಅಧ್ಯಾಯ ಶುರು. ಅಧ್ಯಾಯಗಳಿಗೆ ನಂಬರು ಕೂಡ ಇಲ್ಲ, ಮೇಲೆ ಒಂದು ಸಣ್ಣ ಹೂವಿನ ಚಿತ್ರ ಅಷ್ಟೇ. ಪುಟಸಂಖ್ಯೆಯನ್ನು ನೋಡದವರಿಗೆ ನನ್ನಲ್ಲಿ ಕೊರತೆ ಇದೆ ಎಂದು ಗೊತ್ತಾಗುವಂತೆಯೇ ಇರಲಿಲ್ಲ. ಕಥೆಯಲ್ಲಿ ಮುಳುಗಿದವರು ಪುಟಸಂಖ್ಯೆ ಎಲ್ಲಿ ನೋಡುತ್ತಾರೆ?

ಗದಗಿನ ಅಂಗಡಿಯಿಂದ ನನ್ನನ್ನು ಕೊಂಡವರು ಗುರುಪಾದಯ್ಯ ಮಠಪತಿ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮುಂಡರಗಿಯ ಪದವಿ ಕಾಲೇಜಿಗೆ ಕನ್ನಡ ಉಪನ್ಯಾಸಕರಾಗಿ ಆಗತಾನೆ ಸೇರಿದ್ದರು. ಮನೆಗೆ ಬಂದವರೇ ನನಗೆ ಖಾಕಿ ಹೊದಿಕೆ ಹಾಕಿ, ಮೊದಲ ಪುಟದಲ್ಲಿ ದುಂಡಗೆ ಹೆಸರು ಬರೆದು, ಕೆಂಪು ಪೆನ್ಸಿಲ್ ಹಿಡಿದು ಕಟ್ಟೆಯ ಮೇಲೆ ಕೂತರು. ಒಂದೇ ಪಟ್ಟಿಗೆ ಓದಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಅಂಥ ಓದುಗ ಸಿಗಲು ಪುಸ್ತಕ ಪುಣ್ಯ ಮಾಡಿರಬೇಕು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವರನ್ನು ಸ್ವಲ್ಪ ಕಾಡುವುದಿದೆ.

ನನ್ನೊಳಗಿನ ಕಥೆ ಇಷ್ಟು. ದ್ಯಾಮಣ್ಣ ಎಂಬ ಮುದುಕ ಕಲ್ಲು ಸುಟ್ಟು ಸುಣ್ಣ ಮಾಡುವವನು. ಹೆಂಡತಿ ಸತ್ತಿದ್ದಾಳೆ, ಪಕ್ಕದೂರಿಗೆ ಕೊಟ್ಟ ಮಗಳು ಕಲ್ಲವ್ವ ಜಗಳವಾಡಿ ಮಾತು ಬಿಟ್ಟಿದ್ದಾಳೆ. ಅವನಿಗೆ ಉಳಿದದ್ದು ಚೆನ್ನಿ ಎಂಬ ಹೆಣ್ಣುಕತ್ತೆ. ಅದು ಸುಣ್ಣ ಹೊತ್ತು ಅವನ ಜೊತೆ ಸಂತೆಗೆ ನಡೆಯುತ್ತದೆ. ನಲವತ್ತೆಂಟನೆಯ ಪುಟದಲ್ಲಿ ಚೆನ್ನಿ ಭಟ್ಟಿಯ ಪಕ್ಕದಲ್ಲಿ ಮೇವು ಮುಟ್ಟದೆ ನಿಂತಿದೆ. ಅರವತ್ತೈದನೆಯ ಪುಟದಲ್ಲಿ ಮುದುಕ ಸುಣ್ಣದ ಚೀಲವನ್ನು ತಾನೇ ಬೆನ್ನ ಮೇಲೆ ಹೊತ್ತು ಸಂತೆಗೆ ಹೋಗುತ್ತಿದ್ದಾನೆ. ಬೆವರಿಗೆ ಸುಣ್ಣ ತಾಗಿ ಬೆನ್ನು ಉರಿಯುತ್ತಿದೆ. ಕತ್ತೆಯ ಸುದ್ದಿಯೇ ಇಲ್ಲ.

ಮಠಪತಿ ಸರ್ ಅಲ್ಲಿಗೆ ಬಂದು ನಿಂತರು. ಒಂದು ಹಾಳೆ ಹಿಂದೆ ತಿರುಗಿಸಿದರು, ಒಂದು ಹಾಳೆ ಮುಂದೆ. “ಕತ್ತಿ ಎಲ್ಲಿ ಹೋತು?” ಎಂದು ಗಟ್ಟಿಯಾಗಿ ಕೇಳಿದರು. ಕೆಳಗೆ ನೋಡಿರಿ, ಪುಟದ ಕೆಳಗೆ ನಂಬರು ನೋಡಿರಿ ಎಂದು ನಾನು ಒಳಗೊಳಗೇ ಕೂಗಿಕೊಂಡೆ. ಪುಸ್ತಕದ ಕೂಗು ಯಾರಿಗೆ ಕೇಳುತ್ತದೆ? ಅವರು ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು, “ಆಹಾ, ಎಂಥಾ ಮಾತು ಬರದಾನ ಮಹಾನುಭಾವ!” ಎಂದು ಪೆನ್ಸಿಲ್ ತೆಗೆದು ನನ್ನ ಅಂಚಿನಲ್ಲಿ ಬರೆದರು: ‘ಮೌನ. ಕತ್ತೆ ಮನುಷ್ಯನಲ್ಲಿ ಲೀನವಾಯಿತು. ದ್ಯಾಮಣ್ಣನೇ ಕತ್ತೆ.’

ಬರೆಯದೇ ಇರುವುದರಲ್ಲಿ ಅರ್ಥ ಕಂಡ ಮೇಲೆ ಬರೆದದ್ದರಲ್ಲಿ ಬಿಡುತ್ತಾರೆಯೇ? ಹನ್ನೆರಡನೆಯ ಪುಟದಲ್ಲಿ ಗೋಡೆಯ ಮೇಲೆ ಸುಮ್ಮನೆ ಕೂತಿದ್ದ ಕಾಗೆ ‘ಸಾವಿನ ದೂತ’ ಆಯಿತು. ಭಟ್ಟಿಯ ಬೂದಿಯಲ್ಲಿ ಮಲಗಿದ್ದ ನಾಯಿ ‘ಕಾಲಪುರುಷ’ ಆಯಿತು. ಕಥೆಯ ಕೊನೆಯ ಸಾಲು ಹೀಗಿದೆ: ‘ಮನೆಯಲ್ಲಿ ಕಾಯುವವರಿದ್ದಾರೆಂದು ಮುದುಕ ಬೇಗ ಬೇಗ ಹೆಜ್ಜೆ ಹಾಕಿದ.’ ಒಂಟಿ ಮುದುಕನ ಮನೆಯಲ್ಲಿ ಕಾಯುವವರು ಯಾರು? ಸರ್ ಆ ಸಾಲಿಗೆ ಎರಡು ಗೆರೆ ಎಳೆದು ‘ಯಮ!’ ಎಂದು ಬರೆದರು.

ಆಮೇಲೆ ಮೂವತ್ತೊಂದು ವರ್ಷ ಇದೇ ಪಾಠ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಸರ್ ನನ್ನನ್ನು ಹಿಡಿದು ತರಗತಿಗೆ ಹೋಗುತ್ತಿದ್ದರು. ಮೊದಲು ಮುದುಕ ಸುಣ್ಣ ಹೊತ್ತ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದರು. ಏನು ಓದು ಅದು! ಹಿಂದಿನ ಬೆಂಚಿನ ಪುಂಡರೂ ಬಾಯಿ ಮುಚ್ಚುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅವರು ಅದನ್ನು ಕಾಟಾಚಾರಕ್ಕೆ ಓದಿದ್ದಿಲ್ಲ. ಆಮೇಲೆ ಕನ್ನಡಕ ಸರಿ ಮಾಡಿಕೊಂಡು “ಬರ್ಕೊಳ್ರಿ” ಎನ್ನುತ್ತಿದ್ದರು. ಅಷ್ಟು ಅಂದದ್ದೇ ತಡ, ಎಪ್ಪತ್ತು ತಲೆ ಬಗ್ಗುತ್ತಿದ್ದವು. “ಕತ್ತೆಯು ಇಲ್ಲಿ ಕೇವಲ ಕತ್ತೆಯಲ್ಲ, ಕಾಮಾ, ಅದು ದುಡಿಯುವ ಮನುಷ್ಯನ ಆತ್ಮ.” ಎಪ್ಪತ್ತು ಪೆನ್ನು ಸರಸರ ಓಡುತ್ತಿದ್ದವು. ಪರೀಕ್ಷೆಯಲ್ಲಿ ತಪ್ಪದೆ ಒಂದು ಪ್ರಶ್ನೆ ಬರುತ್ತಿತ್ತು, ಕತ್ತೆಯ ಸಾಂಕೇತಿಕತೆಯನ್ನು ವಿವರಿಸಿ ಎಂದು.

ಇಷ್ಟು ಜನ ಓದಿದರಲ್ಲ, ಒಬ್ಬರಾದರೂ ಪೂರ್ತಿ ಪ್ರತಿ ನೋಡಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕಾಲೇಜುಗಳ ರೀತಿ ನಿಮಗೆ ಗೊತ್ತಿಲ್ಲವೆಂದು ಕಾಣುತ್ತದೆ. ಪಠ್ಯ ಕೊಳ್ಳುವವರು ನೂರಕ್ಕೆ ಇಬ್ಬರು, ಅವರೂ ಹೊದಿಕೆ ಹಾಕಿ ಇಟ್ಟುಬಿಡುತ್ತಿದ್ದರು. ಮಠಪತಿ ಸರ್ ನೋಟ್ಸ್ ಇದ್ದರೆ ಸಾಕು, ಅಕ್ಕನಿಂದ ತಂಗಿಗೆ, ಸೀನಿಯರಿನಿಂದ ಜೂನಿಯರಿಗೆ ಅದೇ ನೋಟ್ಸ್ ದಾಟುತ್ತಿತ್ತು. ಒಮ್ಮೆ ಗದಗಿನ ಕಮ್ಮಟವೊಂದರಲ್ಲಿ ಸರ್ ಈ ಕತ್ತೆಯ ಮೌನದ ಮೇಲೆ ಪ್ರಬಂಧ ಓದಿದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ತಲೆ ಕೆರೆದುಕೊಂಡು, ಏನೋ ಕೇಳಬೇಕೆಂದು ಕೈ ಎತ್ತಿದರು. ಅಷ್ಟರಲ್ಲಿ ಚಹಾ ಬಂತು.

ಹೀಗೆ ಸರ್ ನಿವೃತ್ತಿಯ ವರ್ಷ ಬಂತು. ಊರಲ್ಲಿ ಅವರಿಗೆ ‘ಕತ್ತಿ ಸರ್’ ಎಂದೇ ಹೆಸರು ಬಿದ್ದಿತ್ತು, ಬೈಗುಳವಲ್ಲ, ಗೌರವ. ಬದುಕಿನ ದುಡಿಮೆಯೆಲ್ಲ ಸೇರಿಸಿ ಅವರು ‘ಕತ್ತೆಯ ಮೌನ’ ಎಂಬ ವಿಮರ್ಶಾ ಪುಸ್ತಕ ಬರೆದಿದ್ದರು. ಬೀಳ್ಕೊಡುಗೆಯ ದಿನ ಅದರ ಬಿಡುಗಡೆ ಎಂದು ನಿಶ್ಚಯವಾಗಿತ್ತು. ಅಚ್ಚಾದ ಕಟ್ಟುಗಳು ಬಂದು ಪಡಸಾಲೆಯಲ್ಲಿ ಕೂತಿದ್ದವು.

ಆ ವರ್ಷ ಗಾಳೆವ್ವ ಬಂದಳು. ಹೊಳೆದಂಡೆಯ ಹಳ್ಳಿಯವಳು, ದಿನಾ ಬಸ್ಸಿನಲ್ಲಿ ಓಡಾಡುವವಳು, ಬಿ.ಎ. ಕೊನೆಯ ವರ್ಷ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: “ಸರ, ನೋಟ್ಸ್ ಐತ್ರಿ ನನ್ನ ಹತ್ರ. ಪುಸ್ತಕ ಇದ್ರ ಕೊಡ್ರಿ. ನಮ್ಮವ್ವಗ ಓದಿ ಹೇಳಬೇಕ್ರಿ.”

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಓದಲು ಕೇಳಿದ ಮೊದಲ ವಿದ್ಯಾರ್ಥಿ ಇವಳು. ಸರ್‌ಗೆ ಎಷ್ಟು ಸಂತೋಷವಾಯಿತೆಂದರೆ, ಯಾರಿಗೂ ಮುಟ್ಟಗೊಡದ ನನ್ನನ್ನು ಎರಡೂ ಕೈಯಿಂದ ಕೊಟ್ಟರು. “ಜ್ವಾಕಿ ಮಾಡವಾ. ಹಾಳಿ ಕಿವಿ ಮಡಚಬ್ಯಾಡ,” ಎಂದರು.

ನಾನು ಮೊದಲ ಸಲ ಬಸ್ಸು ಹತ್ತಿ ಹಳ್ಳಿಗೆ ಹೋದೆ. ಮನೆ ಮುಂದೆ ನಾಲ್ಕು ಕತ್ತೆ ಕಟ್ಟಿದ್ದವು. ಅವರದು ಇಟ್ಟಂಗಿ ಭಟ್ಟಿಗೆ ಮಣ್ಣು ಹೊರುವ ಮನೆ. ನಂಬುತ್ತೀರೋ ಇಲ್ಲವೋ, ಹೊಟ್ಟೆಯಲ್ಲಿ ಕತ್ತೆ ಇಟ್ಟುಕೊಂಡು ಇಷ್ಟು ವರ್ಷ ಬದುಕಿದ ನಾನು ನಿಜವಾದ ಕತ್ತೆಯನ್ನು ನೋಡಿದ್ದು ಅವತ್ತೇ. ಗಾಳೆವ್ವ ಒಳಗೆ ಹೋಗುವ ಮೊದಲು ನನ್ನನ್ನು ಎದೆಗವಚಿಕೊಂಡೇ ಒಂದು ಕತ್ತೆಯ ಹಣೆ ಕೆರೆದಳು. ಅದು ಕಣ್ಣು ಮುಚ್ಚಿ ಕುತ್ತಿಗೆ ಚಾಚಿತು. ಆತ್ಮ, ಮೌನ, ಲೀನ ಎಂದೆಲ್ಲ ನನ್ನ ಅಂಚಿನಲ್ಲಿ ಬರೆದಿತ್ತಲ್ಲ, ನನಗೆ ನಾಚಿಕೆಯಾಯಿತು.

ಸಂಜೆ ಅವಳ ತಾಯಿ ಯಂಕವ್ವ ರೊಟ್ಟಿ ಬಡಿಯುತ್ತಾ ಕೂತಳು, ಗಾಳೆವ್ವ ಒಲೆಯ ಬೆಳಕಿಗೆ ನನ್ನನ್ನು ಹಿಡಿದು ಓದಿದಳು. ಯಂಕವ್ವನಿಗೆ ಅಕ್ಷರ ಬಾರದು. ಆದರೆ ಅವಳಂತೆ ಕಥೆ ಕೇಳುವವರನ್ನು ನಾನು ಕಂಡಿಲ್ಲ. ನಲವತ್ತೇಳನೆಯ ಪುಟದಲ್ಲಿ ಒಂದು ಮಾತು ಬರುತ್ತದೆ, ಚೆನ್ನಿಯ ಕೆಚ್ಚಲು ಬಿಗಿದು ತುದಿಯಲ್ಲಿ ಹಾಲು ಮೇಣದಂತೆ ಅಂಟಿತ್ತು ಎಂದು. ಸರ್ ಅದಕ್ಕೆ ಗೆರೆ ಕೂಡ ಎಳೆದಿರಲಿಲ್ಲ. ಯಂಕವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು.

“ಮೇಣ ಕಟ್ಟೇತಿ ಅಂದ್ರ ಇನ್ನ ಎಲ್ಡ ದಿನ ನೋಡು, ಮರಿ ಈತೈತಿ,” ಎಂದಳು. “ಬರದಾಂವ ಕತ್ತಿ ಕಟ್ಟಿದಾಂವನ. ಹ್ಞೂಂ, ಮುಂದ ಓದು.”

ಗಾಳೆವ್ವ ಮುಂದೆ ಓದಿದಳು. ಮುದುಕ ಸುಣ್ಣ ಹೊತ್ತು ಸಂತೆಗೆ ಹೊರಟ.

“ಶಾಣ್ಯಾ ಅದಾನ. ಗಬ್ಬದ ಕತ್ತಿಗೆ ಯಾರ ಹೊರಿ ಹೇರ್ತಾರ? ಅದಕ್ಕ ತಾನ ಹೊತ್ತಾನ. ಅದಿರ್ಲಿ, ಮರಿ ಏನಾತು? ಗಂಡೋ ಹೆಣ್ಣೋ?”

“ಇಲ್ಲಬೇ, ಅದನ್ನ ಬರದಿಲ್ಲ.”

“ಬರದಿಲ್ಲಾ? ಕೆಚ್ಚಲದಾಗಿನ ಮೇಣ ಬರದಾಂವ ಮರಿ ಸುದ್ದಿ ಬರೀದ ಬಿಡ್ತಾನನು? ಆಗೂ ಮಾತಲ್ಲ ಅದು. ಹಾಳಿ ಹರದಿರಬೇಕು, ಸರಿಗೆ ನೋಡು.”

ಗಾಳೆವ್ವ ನೋಡಿದಳು. ಬೆರಳಿಟ್ಟು ಕೆಳಗಿನ ನಂಬರು ನೋಡಿದಳು. ನಲವತ್ತೆಂಟು. ಅರವತ್ತೈದು. ನನಗೆ ಹೊಲಿಗೆ ಸಡಿಲಾದಷ್ಟು ಹಗುರವೆನಿಸಿತು. ಅಷ್ಟು ವರ್ಷ ನನ್ನೊಳಗೇ ಇದ್ದ ಮಾತನ್ನು ಕಡೆಗೂ ಯಾರೋ ಕೇಳಿಸಿಕೊಂಡಿದ್ದರು.

ಮರುದಿನ ತರಗತಿಯಲ್ಲಿ ಸರ್ “ಬರ್ಕೊಳ್ರಿ” ಎಂದು, ಕತ್ತೆಯು ಮನುಷ್ಯನಲ್ಲಿ ಲೀನವಾಯಿತು ಎನ್ನುವಲ್ಲಿಗೆ ಬಂದರು. ಅರವತ್ತೊಂಬತ್ತು ತಲೆ ಬಗ್ಗಿದ್ದವು. ಗಾಳೆವ್ವ ಎದ್ದು ನಿಂತಳು.

“ಸರ, ಅದು ಲೀನ ಆಗಿಲ್ರಿ. ಗಬ್ಬ ಐತ್ರಿ ಅದು. ಮೇಣ ಕಟ್ಟೇತಿ ಅಂತ ಬರದಾರ್ರಿ. ಅದಕ್ಕ ಮುದುಕ ತಾನ ಹೊತ್ಕೊಂಡಾನ್ರಿ.”

ಪುಟದ ಮಾತಿಗೆ ಅವಳು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಸರ್ ನಕ್ಕುಬಿಟ್ಟರು. “ಏನವಾ, ಇದು ಕನ್ನಡ ತಾಸೋ, ದನದ ದವಾಖಾನಿನೋ?” ಎಂದರು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಯಾರೋ ಹಿಂದಿನಿಂದ ಕತ್ತೆಯ ಹಾಗೆ ಕೂಗಿದರು. ಗಾಳೆವ್ವನ ಮುಖ ಸಣ್ಣದಾಯಿತು, ಕೂತುಬಿಟ್ಟಳು. ಸರ್ ಕೆಟ್ಟವರಲ್ಲ; ಬಾಯಿಗೆ ಬಂದ ಚೇಷ್ಟೆಯ ಮಾತು ತಡೆಯಲಾರದವರು. ಆದರೆ ಆ ದಿನ ನನಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ.

ತಾಸು ಮುಗಿದ ಮೇಲೆ ಅವಳು ನನ್ನನ್ನು ತಂದು ಮೇಜಿನ ಮೇಲಿಟ್ಟು ಹೋದಳು. ನಲವತ್ತೆಂಟಕ್ಕೂ ಅರವತ್ತೈದಕ್ಕೂ ನಡುವೆ ಒಂದು ಚೀಟಿ ಇತ್ತು. ಸರ್ ಬಿಡಿಸಿ ಓದಿದರು. ‘ಸರ್, ಪುಟದ ಸಂಖ್ಯೆ ನೋಡಿರಿ. ಕತ್ತೆ ಈದಿರಬೇಕು. ಮರಿ ಗಂಡೋ ಹೆಣ್ಣೋ ಎಂದು ನಮ್ಮ ತಾಯಿ ಕೇಳುತ್ತಾಳೆ. ನಿಮಗೆ ಗೊತ್ತಿದ್ದರೆ ತಿಳಿಸಿರಿ.’

ಅವರು ಸಂಖ್ಯೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆ ಮಧ್ಯಾಹ್ನವೇ ರಜೆ ಹಾಕಿ, ನನ್ನನ್ನು ಚೀಲಕ್ಕೆ ತುರುಕಿಕೊಂಡು ಗದಗಿನ ಗ್ರಂಥಾಲಯಕ್ಕೆ ಹೋದರು. ಅಲ್ಲಿ ನನ್ನ ಒಡಹುಟ್ಟು ಸಿಕ್ಕಿತು, ಅದೇ ಆರನೆಯ ಮುದ್ರಣದ್ದು, ಏಳೂ ಫಾರಂ ಇದ್ದ ಅದೃಷ್ಟವಂತ. ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ಅದನ್ನು ಹಿಡಿದು ಸರ್ ಕಪಾಟಿನ ಪಕ್ಕದಲ್ಲಿ ನಿಂತೇ ಆ ಹದಿನಾರು ಪುಟ ಓದಿದರು. ನನ್ನದೇ ಕಥೆಯ ನಡುಭಾಗವನ್ನು ನಾನೂ ಅವತ್ತೇ ಮೊದಲು ಕೇಳಿದ್ದು.

ಎಂಥ ಪುಟಗಳು! ದ್ಯಾಮಣ್ಣ ಚೆನ್ನಿಯನ್ನು ಮೆಲ್ಲಗೆ ನಡೆಸಿಕೊಂಡು, ಮಾತು ಬಿಟ್ಟ ಮಗಳ ಮನೆಗೆ ಹೋಗುತ್ತಾನೆ. ಹೆರಿಗೆಗೆ ಹೆಣ್ಣಿನ ಕೈ ಬೇಕು ಎಂದು ಬಾಗಿಲಲ್ಲಿ ನಿಂತು ಹೇಳುತ್ತಾನೆ. ಕಲ್ಲವ್ವ ಅಪ್ಪನ ಮುಖ ನೋಡುವುದಿಲ್ಲ, ಕತ್ತೆಯ ಮುಖ ನೋಡಿ ಒಳಗೆ ಕರೆದುಕೊಳ್ಳುತ್ತಾಳೆ. ಬೆಳಗಿನ ಜಾವ ಮರಿ ಹುಟ್ಟುತ್ತದೆ. ಸಂತೆಗೆ ತಾನೇ ಸುಣ್ಣ ಹೊರುತ್ತೇನೆಂದು ಮುದುಕ ಎದ್ದಾಗ ಮಗಳು ವರ್ಷಗಳ ಮೇಲೆ ಮೊದಲ ಸಲ ಬಾಯಿ ಬಿಡುತ್ತಾಳೆ: ‘ಅದರ ಹೊರಿ ನೀ ಹೊರತೀ? ನೀನೂ ಒಂದು ಕತ್ತಿನ.’ ಅಷ್ಟು ಅಂದು, ಬಾಣಂತಿ ಕತ್ತೆ ಮತ್ತು ಮರಿಯೊಂದಿಗೆ ತಾನೂ ಅಪ್ಪನ ಮನೆಗೆ ಹೊರಡುತ್ತಾಳೆ. ಕಥೆಯ ಕೊನೆಗೆ ಮನೆಯಲ್ಲಿ ಕಾಯುವವರು ಇವರೇ. ಯಮ ಅಲ್ಲವೇ ಅಲ್ಲ.

ಸರ್ ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ಬಂದು ಪಡಸಾಲೆಯಲ್ಲಿ, ತಮ್ಮ ಪುಸ್ತಕದ ಕಟ್ಟುಗಳ ಮೇಲೆಯೇ ಕುಸಿದು ಕೂತರು. ಕಣ್ಣಲ್ಲಿ ನೀರು. ಹೆಂಡತಿ ನೀಲಮ್ಮ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಟ್ಟರು. ವಿಷಯವೆಲ್ಲ ಕೇಳಿ, “ತಪ್ಪು ಹೇಳೀನಿ ಅಂತ ಅಳಾಕ ಹತ್ತೀರೋ, ಕತಿ ಛಲೋ ಐತಿ ಅಂತ ಅಳಾಕ ಹತ್ತೀರೋ?” ಎಂದರು.

“ಎಲ್ಡೂ,” ಎಂದರು ಸರ್. ಆಮೇಲೆ ದನಿ ತಗ್ಗಿಸಿ, “ನೀಲಾ, ಇದು ಯಾರಿಗೂ ಗೊತ್ತಿಲ್ಲ. ಇನ್ನ ಒಂಬತ್ತ ದಿನಕ್ಕ ಬಿಡುಗಡಿ,” ಎಂದರು.

“ಆ ಹುಡುಗಿಗೆ ಗೊತ್ತೈತಲ್ಲ.”

“ಆಕಿ ಯಾರ ಮುಂದೂ ಹೇಳಂಗಿಲ್ಲ.”

“ಆಕಿ ಹೇಳಂಗಿಲ್ಲ ಅಂತನ ನಿಮಗ ಇಷ್ಟು ಸಂಕಟ ಆಗೇತ್ರಿ,” ಎಂದು ನೀಲಮ್ಮ ಮತ್ತೆ ಮೊರ ಎತ್ತಿಕೊಂಡರು.

ಮೂರು ದಿನ ಸರ್ ಸರಿಯಾಗಿ ಉಣ್ಣಲಿಲ್ಲ. ಒಮ್ಮೆ ಪೆನ್ಸಿಲ್ ಹಿಡಿದು ನನ್ನ ಅರವತ್ತೈದನ್ನು ನಲವತ್ತೊಂಬತ್ತು ಮಾಡಲು ಕೂತರು. ನನ್ನ ಜೀವವೇ ಹಾರಿಹೋಯಿತು. ಪೆನ್ಸಿಲ್ಲಿನ ಮೊನೆ ಹಾಳೆಗೆ ತಾಗಿತು ಕೂಡ. ಆ ಚುಕ್ಕೆ ಈಗಲೂ ಇದೆ. ಆಮೇಲೆ ಅವರೇ “ಛೀ” ಎಂದು ಪೆನ್ಸಿಲ್ ಎಸೆದರು. ಗಾಳೆವ್ವ ಆ ಮೂರೂ ದಿನ ಕಾಲೇಜಿಗೆ ಬಂದಿರಲಿಲ್ಲ. ಭಟ್ಟಿಯ ಕೆಲಸಕ್ಕೆ ಹೋಗುತ್ತಿದ್ದಾಳೆ, ಇನ್ನು ಬರುವುದಿಲ್ಲವಂತೆ ಎಂದು ಅವಳ ಬಸ್ಸಿನ ಗೆಳತಿ ಹೇಳಿದಳು.

ನಾಲ್ಕನೆಯ ದಿನ ತರಗತಿಗೆ ಹೋದವರೇ ಮೇಜಿಗೆ ಒರಗಿ ನಿಂತು “ಬರ್ಕೊಳ್ರಿ” ಎಂದರು. ತಲೆಗಳು ಬಗ್ಗಿದವು. “ಕತ್ತೆ ಎಲ್ಲಿಯೂ ಹೋಗಿಲ್ಲ. ಮಠಪತಿಯವರ ಪುಸ್ತಕದಲ್ಲಿ ಹದಿನಾರು ಪುಟ ಇರಲಿಲ್ಲ. ಮೂವತ್ತೊಂದು ವರ್ಷ ಅವರು ಹೇಳಿದ್ದು ತಪ್ಪು. ಗಾಳೆವ್ವ ಹೇಳಿದ್ದು ಸರಿ. ಅವಳನ್ನು ನೋಡಿ ನಕ್ಕದ್ದು ಇನ್ನೂ ದೊಡ್ಡ ತಪ್ಪು. ಪೂರ್ಣವಿರಾಮ.” ಒಬ್ಬರೂ ತಲೆ ಎತ್ತಲಿಲ್ಲ. ಪೆನ್ನುಗಳು ಸರಸರ ಓಡಿದವು. ಮುಂದಿನ ಬೆಂಚಿನ ಒಬ್ಬಳು ಬರೆದು ಮುಗಿಸಿ ಕೇಳಿದಳು: “ಸರ, ಇದು ಐದ ಮಾರ್ಕ್ಸಿಗೆ ಬರ್ತೈತೋ, ಹತ್ತಕ್ಕೋ?”

ಸರ್ ನಗತೊಡಗಿದರು. ನಕ್ಕು ನಕ್ಕು ಕುರ್ಚಿಯಲ್ಲಿ ಕೂತರು. ನಾಲ್ಕು ದಿನದಿಂದ ಅವರು ನಕ್ಕಿದ್ದೇ ಇರಲಿಲ್ಲ, ನನಗೂ ಜೀವ ಬಂದಂತಾಯಿತು.

ಪುಸ್ತಕ ಬಿಡುಗಡೆ ಬೇಡವೆಂದು ಪ್ರಿನ್ಸಿಪಾಲರಿಗೆ ಹೇಳಿದರೆ ಅವರು ಕೇಳಲು ತಯಾರಿರಲಿಲ್ಲ. ಆಮಂತ್ರಣ ಪತ್ರಿಕೆ ಹಂಚಿಯಾಗಿತ್ತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪುಸ್ತಕದ ಕಟ್ಟನ್ನು ತಟ್ಟೆಯಲ್ಲಿ ತಂದರು. ಸರ್ ಕಟ್ಟು ಬಿಚ್ಚಲು ಬಿಡಲಿಲ್ಲ. ನನ್ನನ್ನು ಎತ್ತಿ ಹಿಡಿದು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. ಸಭೆಗೆ ನಂಬಿಕೆಯೇ ಬರಲಿಲ್ಲ. ಎಂಥ ವಿನಯ, ಎಂಥ ದೊಡ್ಡ ಮನುಷ್ಯ ಎಂದು ಚಪ್ಪಾಳೆಯೋ ಚಪ್ಪಾಳೆ. “ಅಲ್ರೀ, ಖರೇನ ತಪ್ಪು ಹೇಳೀನ್ರೀ!” ಎಂದು ಸರ್ ಮೈಕಿನಲ್ಲಿ ಕೂಗಿದರು. ಚಪ್ಪಾಳೆ ಇನ್ನೂ ಜೋರಾಯಿತು. ಆ ಕಟ್ಟುಗಳು ಈಗಲೂ ಅವರ ಮನೆಯ ಅಟ್ಟದ ಮೇಲಿವೆ. ಒಂದು ದಿನವೂ ತೆರೆಯಲ್ಪಡದ ಆ ಪುಸ್ತಕಗಳನ್ನು ನೆನೆದರೆ ನನಗೆ ಅಯ್ಯೋ ಎನಿಸುತ್ತದೆ. ತಪ್ಪು ಅವುಗಳದಲ್ಲವಲ್ಲ.

ಮರುದಿನ ಬೆಳಿಗ್ಗೆ ನೀಲಮ್ಮ ಜೆರಾಕ್ಸ್ ಹಾಳೆಗಳನ್ನು ನನ್ನ ಅಳತೆಗೆ ಕತ್ತರಿಸಿ, ದಬ್ಬಣ ತೆಗೆದುಕೊಂಡು, ಗಟ್ಟಿ ದಾರದಿಂದ ನನ್ನೊಳಗೆ ಹೊಲಿದರು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಹೊಲಿಗೆ ಮುಗಿದು ಅವರು ನನ್ನನ್ನು ಮುಚ್ಚಿ ಅಂಗೈಯಿಂದ ಒತ್ತಿದಾಗ ನಾನು ಹುಟ್ಟಿದ ಮೇಲೆ ಮೊದಲ ಸಲ ಪೂರ್ತಿಯಾಗಿದ್ದೆ. ಉಳಿದ ಹಾಳೆ ಹಳದಿ, ನಡುವಿನ ಹದಿನಾರು ಪುಟ ಬೆಳ್ಳಗೆ. ನೋಡಲು ಚೆಂದವಿಲ್ಲ, ನನಗೇನೂ ಬೇಸರವಿಲ್ಲ.

ಸರ್ ನನ್ನನ್ನು ಹಿಡಿದು ಬಸ್ಸು ಹತ್ತಿ ಹಳ್ಳಿಗೆ ಹೋದರು. ಯಂಕವ್ವ ಕತ್ತೆಗಳಿಗೆ ನೀರಿಡುತ್ತಿದ್ದಳು. ಮಠಪತಿ ಎಂದು ಸರ್ ಹೆಸರು ಹೇಳಿದ್ದೇ ತಡ, “ಅಯ್ಯಾರು ಬಂದಾರ, ಕಂಬಳಿ ಹಾಸವಾ,” ಎಂದು ಗಡಿಬಿಡಿಸಿದಳು. ಒಳಗಿಂದ ಗಾಳೆವ್ವ ಬಂದಳು, ಮೊಳಕೈವರೆಗೆ ಮಣ್ಣು. ಸರ್ ಅವರನ್ನು ನೋಡಿ ಬಾಗಿಲಲ್ಲೇ ನಿಂತಳು.

ಸರ್ ಕೂಡುವ ಮೊದಲೇ, “ಹೆಣ್ಣು,” ಎಂದರು.

“ಏನ್ರೀ ಅಯ್ಯಾರ?”

“ಮರಿ. ಹೆಣ್ಣು ಮರಿ. ನೀವು ಕೇಳಿದ್ರಲ್ಲ ತಾಯಿ.”

ಯಂಕವ್ವನ ಮುಖ ಊರಗಲವಾಯಿತು. “ಮರಿ ಈತೈತಿ ಅಂತ ನಾ ಅಂದಿದ್ದಿಲ್ಲನು!” ಎಂದು ಮಗಳ ಕಡೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕೂತು, “ಹಂಗ ಬಾಯಿಮಾತಿಲೆ ಬ್ಯಾಡ್ರಿ, ಓದ್ರಿ,” ಎಂದಳು.

ಸರ್ ಓದಿದರು. ಎಪ್ಪತ್ತು ಜನರ ಮುಂದೆ ಓದಿದ ಹಾಗೆಯೇ ಅವತ್ತು ಇಬ್ಬರ ಮುಂದೆ, ಒಂದು ಪದವನ್ನೂ ಬಿಡದೆ. ಮಗಳು ‘ನೀನೂ ಒಂದು ಕತ್ತಿನ’ ಎನ್ನುವಲ್ಲಿ ಗಾಳೆವ್ವ ಮೆಲ್ಲಗೆ, “ಸರ, ನೀವು ಹೇಳಿದ್ದು ಪೂರಾ ಸುಳ್ಳಲ್ಲ ನೋಡ್ರಿ,” ಎಂದಳು.

ಸರ್ ಕನ್ನಡಕ ತೆಗೆದರು. “ಇಲ್ಲವಾ. ಮೊದಲ ಅದನ್ನ ಕತ್ತಿ ಅಂತ ನೋಡಬೇಕಿತ್ತು. ಆಮ್ಯಾಲ ಏನ ಬೇಕಾದ್ದು ಅನ್ನಬಹುದಿತ್ತು,” ಎಂದರು. “ತರಗತಿಯಾಗ ನಿನಗ ನಕ್ಕೆ. ನಂದು ತಪ್ಪಾತು. ಸೋಮವಾರ ಬಾ. ನಾ ಇರಂಗಿಲ್ಲ ಖರೆ, ಆದ್ರ ನೀ ಇರಬೇಕು.”

ಅವಳು ಸೋಮವಾರ ಹೋದಳು. ಈಗ ಗದಗಿನಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ.

ಅವತ್ತು ಹೊರಡುವಾಗ ಸರ್ ನನ್ನನ್ನು ಯಂಕವ್ವನ ಕೈಯಲ್ಲಿಟ್ಟರು. “ಇದು ಇನ್ನ ನಿಮ್ಮ ಮನ್ಯಾಗಿರ್ಲಿ,” ಎಂದರು. “ಓದಾಕ ಬರದಾಕಿಗೆ ಪುಸ್ತಕ ಯಾಕ್ರಿ?” ಎಂದಳು ಅವಳು. “ನಿಮ್ಮಂಗ ಕೇಳಾಕ ನನಗ ಬರಂಗಿಲ್ಲಲ್ಲ ತಾಯಿ,” ಎಂದರು ಸರ್. ಅವರ ಕೈ ನನ್ನನ್ನು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಅಂದಿನಿಂದ ಈ ಮನೆಯ ಗೋಡೆಯ ಮಾಡದಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ ನನ್ನ ವಾಸ. ಖಾಕಿ ಹೊದಿಕೆ ಹೋಗಿ ಸೀರೆಯ ಚೂರು ಬಂದಿದೆ. ಮೂಲೆ ಸೇರಿದ ಪುಸ್ತಕಗಳು ತಮ್ಮನ್ನು ಯಾರೂ ಕೇಳುವವರಿಲ್ಲ ಎಂದು ಗೋಳಾಡುತ್ತವೆ. ನನಗೆ ಅಷ್ಟು ಪುರುಸೊತ್ತಿಲ್ಲ. ಅಕ್ಷರ ಬಲ್ಲವರು ಯಾರೇ ಬಾಗಿಲಿಗೆ ಬರಲಿ, ಅಂಗನವಾಡಿ ಟೀಚರ್ ಇರಲಿ, ಕರೆಂಟಿನ ಮೀಟರ್ ನೋಡುವವನಿರಲಿ, ಯಂಕವ್ವ ಚಹಾ ಕೊಟ್ಟು, ನನ್ನನ್ನು ಇಳಿಸಿ, ಬಿಳಿ ಹಾಳೆ ಎಲ್ಲಿ ಶುರುವಾಗುತ್ತದೋ ಅಲ್ಲಿ ತೆರೆದು ಕೈಗಿಡುತ್ತಾಳೆ. ಆ ಹದಿನಾರು ಪುಟ ಓದದೆ ಯಾರಿಗೂ ಬಿಡುಗಡೆ ಇಲ್ಲ. ನನ್ನ ಸ್ವಂತದ ತೊಂಬತ್ತಾರು ಪುಟ ಇಲ್ಲಿ ಯಾರಿಗೂ ಅಷ್ಟು ಬೇಡ. ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ತಪ್ಪನ್ನು ಹೊತ್ತು ಮೂವತ್ತೊಂದು ವರ್ಷ ಪ್ರೀತಿಯಿಂದ ಓದಿದವರೊಬ್ಬರು, ನನ್ನಲ್ಲಿ ಏನಿಲ್ಲವೆಂದು ಕೇಳಿಯೇ ಕಂಡುಹಿಡಿದವಳೊಬ್ಬಳು, ಅದನ್ನು ಹೊಲಿದು ತುಂಬಿದವರೊಬ್ಬರು. ಒಂದು ಸಣ್ಣ ಪುಸ್ತಕಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಋಣ ಎಂದರೆ ಇದೇ ಇರಬೇಕು.

ಸರ್ ಆಗಾಗ ಬರುತ್ತಾರೆ. ಮೊನ್ನೆಯೂ ಬಂದಿದ್ದರು. ಕಣ್ಣು ಈಗ ಸ್ವಲ್ಪ ಮಂದ. ಕಂಬಳಿಯ ಮೇಲೆ ಕೂತು, ನನ್ನನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಮರಿ ಹುಟ್ಟಿತು, ಚೆನ್ನಿ ಅದನ್ನು ನೆಕ್ಕಿತು, ಕಲ್ಲವ್ವ ಬಿಸಿನೀರು ತರಲು ಎದ್ದಳು.

“ತಡೀರಿ ಅಯ್ಯಾರ,” ಎಂದಳು ಯಂಕವ್ವ. “ಒಂದ ಸಾಲು ಬಿಟ್ರಿ.”

ಸರ್ ಬೆರಳಿಟ್ಟು ಹುಡುಕಿದರು. ಬಿಟ್ಟಿದ್ದರು. ಹಿಂದಕ್ಕೆ ಹೋಗಿ, ಒಂದೊಂದೇ ಅಕ್ಷರ ನೋಡಿ ಓದಿದರು: ‘ಮುದುಕ ತನ್ನ ಧೋತರದ ಚುಂಗಿನಿಂದ ಮರಿಯ ಮೂಗು ಒರೆಸಿದ.’

“ಹಾಂ,” ಎಂದಳು ಯಂಕವ್ವ. “ಈಗ ಮುಂದ ನಡೀರಿ.”